ಹಿಲ್ಟನ್ ಹೆಡ್‌ಗೆ ಹೋಗುವ ಬಸ್ಸು ಸೇಂಟ್ ಹೆಲೆನಾಕ್ಕೂ ಹೋಗಲಿ: ಕನ್ನಡ ಕೂಟಗಳಿಗೊಂದು ಬಹಿರಂಗ ಪತ್ರ

ಅಮೆರಿಕದ ಆಗ್ನೇಯ ರಾಜ್ಯಗಳ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ, ವಾರಾಂತ್ಯದಲ್ಲಿ ಕನ್ನಡ ಶಾಲೆ ನಡೆಸುವ ಅಕ್ಕ-ಅಣ್ಣಂದಿರಿಗೆ, ನಮಸ್ಕಾರ.

ಬೇಸಿಗೆ ಪ್ರವಾಸದ ಪಟ್ಟಿ ವಾಟ್ಸಾಪ್‌ನಲ್ಲಿ ಬಂತು. ಹಳೆಯ ಪಟ್ಟಿಯೇ, ತಾರೀಕು ಮಾತ್ರ ಹೊಸದು. ಚಾರ್ಲ್ಸ್‌ಟನ್‌ನಲ್ಲಿ ಒಂದು ದಿನ. ಅಲ್ಲೊಂದು ಪ್ಲಾಂಟೇಶನ್ ಬಂಗಲೆ (ಹಿಂದೆ ಗುಲಾಮರನ್ನು ದುಡಿಸಿದ ತೋಟದ ಧಣಿಯ ಮನೆ), ಓಕ್ ಮರಗಳ ಸಾಲಿನ ಕೆಳಗೆ ರೇಷ್ಮೆ ಸೀರೆಯಲ್ಲಿ ಗ್ರೂಪ್ ಫೋಟೋ. ಆಮೇಲೆ ಹಿಲ್ಟನ್ ಹೆಡ್ ಬೀಚು. ಬರುವ ದಾರಿಯಲ್ಲಿ ಸವಾನಾ. ಬೀಚಿನ ಮೇಲೆ ನನಗೇನೂ ಕೋಪ ಇಲ್ಲ, ಮಕ್ಕಳಿಗೆ ಅದು ಬೇಕು. ನನ್ನ ಕೋರಿಕೆ ಒಂದೇ. ಹಿಲ್ಟನ್ ಹೆಡ್‌ನಿಂದ ಒಂದು ಗಂಟೆ ದಾರಿಯಲ್ಲಿ ಬ್ಯೂಫೋರ್ಟ್ ಊರು ಇದೆ. ಅದನ್ನು ದಾಟಿದರೆ ಸೇಂಟ್ ಹೆಲೆನಾ ದ್ವೀಪ. ಗುಲಾಮಗಿರಿಯಿಂದ ಹೊರಬರುತ್ತಿದ್ದ ಕಪ್ಪು ಜನರಿಗಾಗಿ ಶುರುವಾದ ಪೆನ್ ಶಾಲೆಯ ಆವರಣ ಅಲ್ಲಿದೆ. ಅದಕ್ಕೆ ಅರ್ಧ ದಿನ ಕೊಡಿ. ಟೈಮ್ ಸಾಲದಿದ್ದರೆ ಬಂಗಲೆಯನ್ನು ಬಿಡಿ.

ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ದಕ್ಷಿಣ ಕೆರೊಲೈನಾದಲ್ಲಿ 1740ರಷ್ಟು ಹಿಂದೆಯೇ ಒಂದು ಕಾನೂನು ಬಂತು. ಗುಲಾಮರಿಗೆ ಬರೆಯಲು ಕಲಿಸಿದರೆ ದಂಡ. ಹಾಗೂ ಕೆಲವರು ಓದಲು ಕಲಿತುಬಿಡುತ್ತಿದ್ದರು. ಅದಕ್ಕೆ 1834ರಲ್ಲಿ ಓದು ಕಲಿಸುವುದನ್ನೂ ಸೇರಿಸಿದರು. ಬಿಳಿಯರು ಕಲಿಸಿದರೆ ದಂಡ ಮತ್ತು ಜೈಲು. ಕಪ್ಪು ಜನ ಕಲಿಸಿದರೆ ಛಡಿ ಏಟು. ಯೋಚನೆ ಮಾಡಿ: ಹೊಲಕ್ಕೆ ಬೇಲಿ ಹಾಕಿದರು, ಕಾಲಿಗೆ ಸರಪಳಿ ಹಾಕಿದರು, ಆದರೂ ಅ-ಆ-ಇ-ಈ ಕಂಡರೆ ಧಣಿಗಳಿಗೆ ಅಷ್ಟು ಹೆದರಿಕೆ. ಓದು ಬಂದರೆ ಪತ್ರಿಕೆ ಓದುತ್ತಾರೆ. ಬರಹ ಬಂದರೆ ಧಣಿಯ ಹೆಸರಿನಲ್ಲಿ ರಹದಾರಿ ಚೀಟಿ ಬರೆದುಕೊಂಡು ಓಡಿಹೋಗುತ್ತಾರೆ. ಹೆದರಿಕೆಗೆ ಕಾರಣ ಇತ್ತು ಬಿಡಿ.

ಅಂಥ ರಾಜ್ಯದಲ್ಲಿ, ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದಾಗ, 1861ರ ನವೆಂಬರ್ 7ರಂದು ಉತ್ತರದ ಯುದ್ಧನೌಕೆಗಳು ಪೋರ್ಟ್ ರಾಯಲ್ ಬಂದರಿಗೆ ನುಗ್ಗಿದವು. ಫಿರಂಗಿ ಸದ್ದು ಕೇಳಿ ಸುತ್ತಲ ದ್ವೀಪಗಳ ಬಿಳಿಯ ಜಮೀನುದಾರರೆಲ್ಲ ಓಡಿಹೋದರು. ಮನೆ, ಹತ್ತಿ, ದನಕರು, ಎಲ್ಲ ಇದ್ದಲ್ಲೇ ಬಿಟ್ಟರು. ಸುಮಾರು 10,000 ಗುಲಾಮರೂ ಅಲ್ಲೇ ಉಳಿದರು. ಅವರು ಇನ್ನೂ ಸ್ವತಂತ್ರರಲ್ಲ. ಸೈನ್ಯದ ಕಣ್ಣಿನಲ್ಲಿ ಅವರು ಶತ್ರುವಿನಿಂದ ವಶಪಡಿಸಿಕೊಂಡ ಮಾಲು. ಲಿಂಕನ್‌ರ ವಿಮೋಚನಾ ಘೋಷಣೆ ಜಾರಿಗೆ ಬರಲು ಇನ್ನೂ ಒಂದು ವರ್ಷದ ಮೇಲಿತ್ತು.

ಆ ನಡುಗಾಲದಲ್ಲಿ, 1862ರ ಜೂನ್‌ನಲ್ಲಿ, ಸೇಂಟ್ ಹೆಲೆನಾದಲ್ಲಿ ಈ ಪೆನ್ ಶಾಲೆ ಶುರುವಾಯಿತು. ಫಿಲಡೆಲ್ಫಿಯಾದಿಂದ ಬಂದ ಲಾರಾ ಟೌನ್ ಮತ್ತು ಅವರ ಗೆಳತಿ ಎಲೆನ್ ಮರೆ ಶುರು ಮಾಡಿದ್ದು. ಜಾಗ, ಓಡಿಹೋದ ಒಬ್ಬ ಧಣಿಯ ಮನೆಯ ಹಿಂದಿನ ಕೋಣೆ. ಮೊದಲ ದಿನದ ವಿದ್ಯಾರ್ಥಿಗಳು ಒಂಬತ್ತು ಜನ ದೊಡ್ಡವರು. ಹೌದು, ಮಕ್ಕಳಲ್ಲ, ದೊಡ್ಡವರು. ಸ್ವಲ್ಪ ದಿನದಲ್ಲೇ ಮಕ್ಕಳೂ ಬಂದರು, ಕೋಣೆ ಸಾಲದಾಯಿತು. ಹತ್ತಿರದ ಬ್ರಿಕ್ ಚರ್ಚಿಗೆ ಶಾಲೆ ಹೋಯಿತು. ಆ ಇಟ್ಟಿಗೆ ಚರ್ಚನ್ನು 1855ರಲ್ಲಿ ಕಟ್ಟಿದವರು ಗುಲಾಮರೇ. ಆದರೆ ಕೆಳಗಿನ ಬೆಂಚುಗಳು ಧಣಿಗಳಿಗೆ. ಕಟ್ಟಿದವರು ಮೇಲಿನ ಗ್ಯಾಲರಿಯಲ್ಲಿ ಕೂರಬೇಕಿತ್ತು. ಏಳು ವರ್ಷದಲ್ಲಿ ಅದೇ ಬೆಂಚುಗಳ ಮೇಲೆ ಅವರ ಮಕ್ಕಳು ಕಾಗುಣಿತ ಹೇಳುತ್ತಾ ಕೂತರು. ಆ ಚರ್ಚು ಇವತ್ತಿಗೂ ಇದೆ, ಭಾನುವಾರ ಪ್ರಾರ್ಥನೆಯೂ ನಡೆಯುತ್ತದೆ. ರಸ್ತೆ ದಾಟಿದರೆ ಪೆನ್ ಆವರಣ.

ಆ ವರ್ಷದ ಅಕ್ಟೋಬರ್‌ನಲ್ಲಿ ಷಾರ್ಲೆಟ್ ಫೋರ್ಟನ್ ಬಂದರು. ವಯಸ್ಸು 25. ಫಿಲಡೆಲ್ಫಿಯಾದ ಸ್ವತಂತ್ರ ಕಪ್ಪು ಕುಟುಂಬದ ಹುಡುಗಿ. ಈ ಶಾಲೆಯ ಮೊದಲ ಕಪ್ಪು ಶಿಕ್ಷಕಿ ಅವರೇ. ಅವರು ಬರೆದಿಟ್ಟದ್ದನ್ನು ಓದಿದರೆ ಆ ತರಗತಿಯ ಗಲಾಟೆ ಕಿವಿಗೆ ಬೀಳುತ್ತದೆ. ಗೋಡೆಯಿಲ್ಲದ ಒಂದೇ ಹಾಲ್‌ನಲ್ಲಿ ಹಲವು ತರಗತಿಗಳು. ಪುಟಾಣಿಗಳು ಕೂತಲ್ಲಿ ಕೂರುವುದಿಲ್ಲ. ದಿನವಿಡೀ ದುಡಿದ ಮೇಸ್ತ್ರಿ ಹ್ಯಾರಿ ರಾತ್ರಿ ಬಂದು ಓದು ಕಲಿಯುತ್ತಾನೆ. ಫೋರ್ಟನ್ ಆ ಮಕ್ಕಳಿಗೆ ಹೈಟಿ ದೇಶದ ಗುಲಾಮರ ದಂಗೆಯ ನಾಯಕ ತೂಸಾಂ ಲುವೆರ್ಚರ್‌ನ ಕಥೆ ಹೇಳಿದರು. ನಿಮ್ಮ ಬಣ್ಣದವನೇ ಒಬ್ಬ ಇಷ್ಟು ಮಾಡಿದ್ದಾನೆ ಅಂತ ಗೊತ್ತಿರಲಿ ಎನ್ನುವುದು ಅವರ ಆಸೆ. ನಮ್ಮ ವಾರಾಂತ್ಯದ ಕನ್ನಡ ಶಾಲೆಯಲ್ಲಿ ಕಿತ್ತೂರು ಚೆನ್ನಮ್ಮನ ಕಥೆ ಹೇಳುವ ಟೀಚರಮ್ಮನಿಗೆ ಇದು ಅರ್ಥವಾಗುತ್ತದೆ, ಅಲ್ವಾ? ಆದರೆ ಅವರು ಅದನ್ನು ಹೇಳಿದ್ದು ಸುತ್ತ ಯುದ್ಧ ನಡೆಯುತ್ತಿದ್ದಾಗ. ಉತ್ತರದವರು ಸೋತು ಧಣಿಗಳು ವಾಪಸ್ ಬಂದರೆ ಏನು ಗತಿ ಅನ್ನುವುದು ತರಗತಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಇನ್ನು ಶಾಲೆಯ ಸ್ವಂತ ಮನೆ. ಬಿಡುಗಡೆಯಾದ ಗುಲಾಮರಿಗೆ ನೆರವಾಗಲು ಪೆನ್ಸಿಲ್ವೇನಿಯಾದಲ್ಲಿ ಒಂದು ಸಂಘ ಇತ್ತು. ಮರದ ಶಾಲೆಯ ಭಾಗಗಳನ್ನು ಅಲ್ಲೇ ಸಿದ್ಧಮಾಡಿ ಹಡಗಿನಲ್ಲಿ ಕಳಿಸಿದರು. ದ್ವೀಪದಲ್ಲಿ ಅದನ್ನು ಜೋಡಿಸಿದಾಗ 1865. ಕಪ್ಪು ಮಕ್ಕಳಿಗಾಗಿಯೇ ಕಟ್ಟಿದ ಮೂರು ಕೋಣೆಗಳ ಶಾಲೆ. ಜೊತೆಗೊಂದು ಗಂಟೆಯೂ ಬಂತು, ಅದರ ಮೇಲೆ 'ಸ್ವಾತಂತ್ರ್ಯ ಸಾರಿ' ಎಂಬ ಅರ್ಥದ ಮಾತು. ಶಾಲೆಯ ಜಾಗ ಬಂದದ್ದು ಹೇಸ್ಟಿಂಗ್ಸ್ ಗ್ಯಾಂಟ್ ಅವರಿಂದ, 50 ಎಕರೆ. ಗ್ಯಾಂಟ್ ಕೂಡ ಹಿಂದೆ ಗುಲಾಮರಾಗಿದ್ದವರು. ಶಾಲೆಗೆ ಬೋರ್ಡು-ಪುಸ್ತಕ ಕೊಟ್ಟವರ ಹೆಸರು ಎಲ್ಲ ಕಡೆ ಸಿಗುತ್ತದೆ. ಗ್ಯಾಂಟ್ ಹೆಸರು ಹುಡುಕಬೇಕು. ನನ್ನ ಪ್ರಕಾರ ಇಡೀ ಕಥೆಯಲ್ಲಿ ದೊಡ್ಡ ಸಂಗತಿ ಇದೇ. ಕೆಲವೇ ವರ್ಷದ ಹಿಂದೆ ತನ್ನ ಮೈಯೇ ತನ್ನದಲ್ಲದ ಮನುಷ್ಯನ ನೆಲದ ಮೇಲೆ ಶಾಲೆ ನಿಂತಿತು.

ನಿಜ ಹೇಳಿಬಿಡುತ್ತೇನೆ, ನೀವು ಹೋದರೆ 1865ರ ಆ ಮರದ ಮನೆ ನೋಡಲು ಸಿಗುವುದಿಲ್ಲ. ಈಗ ಆವರಣದಲ್ಲಿ ನಿಂತಿರುವುದರಲ್ಲಿ ಹಳೆಯದು 1903ರ ಸುಮಾರಿನ ಡಾರಾ ಹಾಲ್. ಬಿಳಿ ಬಣ್ಣದ ಸಾದಾ ಕಟ್ಟಡಗಳು, ಉದ್ದಕ್ಕೆ ಓಕ್ ಮರಗಳು. ಬಂಗಲೆಯ ಮುಂದೆ ಸಿಗುವಂಥ ಫೋಟೋ ಇಲ್ಲೂ ಸಿಗುತ್ತದೆ, ಚಿಂತೆ ಬೇಡ. ವೈ. ಡಬ್ಲ್ಯು. ಬೇಲಿ ಹೆಸರಿನ ಮ್ಯೂಸಿಯಂ ಇದೆ. ಡಾ. ಬೇಲಿ ಇದೇ ಶಾಲೆಯಲ್ಲಿ ಓದಿ, ಡಾಕ್ಟರಾಗಿ, 1906ರಲ್ಲಿ ಇದೇ ದ್ವೀಪಕ್ಕೆ ವಾಪಸ್ ಬಂದವರು. ಕೋಳಿ, ತರಕಾರಿ ಕೊಟ್ಟು ಫೀಸು ತೀರಿಸುತ್ತಿದ್ದರಂತೆ ಜನ.

ಲಾರಾ ಟೌನ್ ಇಲ್ಲೇ ಇದ್ದು, ಇಲ್ಲೇ 1901ರಲ್ಲಿ ತೀರಿಕೊಂಡರು. ಸುಮಾರು ನಲವತ್ತು ವರ್ಷ. 1893ರ ಆಗಸ್ಟ್‌ನ ಚಂಡಮಾರುತದಲ್ಲಿ ಈ ದ್ವೀಪಗಳಲ್ಲಿ ಸುಮಾರು 2,000 ಜನ ಸತ್ತರು, ಅದನ್ನೂ ಅವರು ನೋಡಿದರು. ಅವರ ಕಾಲದಲ್ಲಿ ಉತ್ತರದ ಶಾಲೆಗಳ ಪಾಠವೇ ಇಲ್ಲೂ: ಓದು, ಲೆಕ್ಕ, ಭೂಗೋಳ. ಅವರ ನಂತರ ಬಂದವರು ದಾರಿ ಬದಲಿಸಿದರು. ಬಡಗಿ ಕೆಲಸ, ಕಮ್ಮಾರಿಕೆ, ಬುಟ್ಟಿ ಹೆಣೆಯುವುದು, ವ್ಯವಸಾಯ ಮುಂದೆ ಬಂತು. ಕಪ್ಪು ಮಕ್ಕಳಿಗೆ ಕೈಕೆಲಸ ಸಾಕೇ, ಕಾಲೇಜು ಓದು ಬೇಕೇ ಎಂದು ಆಗ ಕಪ್ಪು ಜನರ ಇಬ್ಬರು ನಾಯಕರ ನಡುವೆ, ಕೈಕೆಲಸದ ಪರ ಬುಕರ್ ಟಿ. ವಾಷಿಂಗ್ಟನ್, ಕಾಲೇಜು ಓದಿನ ಪರ ಡುಬೋಯ್ಸ್, ದೊಡ್ಡ ವಾದ ನಡೆದಿತ್ತು. ನಾನು ಡುಬೋಯ್ಸ್ ಕಡೆ. ಬಡವರ ಮಕ್ಕಳಿಗೆ ಉಳಿ-ಸುತ್ತಿಗೆ ಕೊಟ್ಟು 'ನಿಮಗೆ ಇಷ್ಟು ಸಾಕು' ಎನ್ನುವುದು ನಮ್ಮೂರಲ್ಲೂ ಕೇಳಿದ ಮಾತೇ. ಆದರೂ ಆ ಬುಟ್ಟಿಗಳನ್ನು ಮ್ಯೂಸಿಯಂನಲ್ಲಿ ನೋಡುವಾಗ ವಾದ ಸ್ವಲ್ಪ ಸಡಿಲವಾಗುತ್ತದೆ. ಪಶ್ಚಿಮ ಆಫ್ರಿಕಾದಿಂದ ಅಜ್ಜಂದಿರ ಜೊತೆ ಬಂದ ಹೆಣಿಗೆ ಅದು. ಶಾಲೆ ಅದನ್ನು ಕಲಿಸದಿದ್ದರೆ ಈ ದ್ವೀಪದಲ್ಲಿ ಎಷ್ಟು ಉಳಿಯುತ್ತಿತ್ತೋ.

1948ರಲ್ಲಿ ಪಾಠ ನಿಂತಿತು. ಮಕ್ಕಳು ಸರ್ಕಾರಿ ಶಾಲೆಗೆ ಹೋದರು. ಆವರಣ ಮಾತ್ರ ಖಾಲಿಯಾಗಲಿಲ್ಲ. ಕಪ್ಪು-ಬಿಳಿ ಜನ ಒಂದೇ ಸೂರಿನ ಕೆಳಗೆ ಕೂತು ಸಭೆ ನಡೆಸಿ, ಊಟ ಮಾಡಿ, ಮಲಗಲು ಆಗ ದಕ್ಷಿಣದಲ್ಲಿ ಜಾಗವೇ ಇರಲಿಲ್ಲ. ಪೆನ್ ಅಂಥ ಅಪರೂಪದ ಜಾಗವಾಯಿತು. 1960ರ ದಶಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಸಂಗಡಿಗರು ಇಲ್ಲಿಗೆ ಮತ್ತೆ ಮತ್ತೆ ಬಂದರು. ಹೋರಾಟದ ಮುಂದಿನ ಹೆಜ್ಜೆ ಏನು ಅಂತ ಕೂತು ಜಗಳವಾಡಿದರು, ಯೋಚಿಸಿದರು. ಕಿಂಗ್ ಉಳಿದುಕೊಳ್ಳುತ್ತಿದ್ದ ಪುಟ್ಟ ಮನೆಯ ಹೆಸರು ಗ್ಯಾಂಟ್ ಕಾಟೇಜ್. ಅದೇ ಗ್ಯಾಂಟ್.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 'ಇದು ಅವರ ಇತಿಹಾಸ, ನಮಗೇನು?' ಎಂದು ಕೂಟದ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. ಅಮೆರಿಕಕ್ಕೆ ವಲಸೆ ಬರಲು 1946ರ ಕಾನೂನಿನ ಪ್ರಕಾರ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಇತ್ತು. ನೂರು! ಒಂದು ಸಾಧಾರಣ ಕೂಟದ ಯುಗಾದಿ ಊಟದ ಪಂಕ್ತಿಗೂ ಸಾಲದು. ಬಾಗಿಲು ತೆರೆದದ್ದು 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನು. ಅದಕ್ಕೆ ಎರಡು ತಿಂಗಳು ಮುಂಚೆ, ಆಗಸ್ಟ್ 6ಕ್ಕೆ, ಕಪ್ಪು ಜನರ ಮತದಾನದ ಹಕ್ಕಿನ ಕಾನೂನಿಗೆ ಸಹಿ ಬಿದ್ದಿತ್ತು. ಅದಕ್ಕೂ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು. ಹುಟ್ಟಿದ ದೇಶ, ಬಣ್ಣ ನೋಡಿ ಮನುಷ್ಯರನ್ನು ಅಳೆಯಬಾರದು ಎಂಬ ಒಂದೇ ಗಾಳಿ ಮೂರನ್ನೂ ತಂದಿತು. ಆ ಗಾಳಿ ಸುಮ್ನೆ ಬೀಸಲಿಲ್ಲ. ಲಾಠಿ ಏಟು ತಿಂದವರು, ನಾಯಿ ಕಚ್ಚಿಸಿಕೊಂಡವರು, ಜೈಲಿಗೆ ಹೋದವರು ಇದ್ದರು. ನಾವು ಜಾಣರು, ಲೆಕ್ಕದಲ್ಲಿ ಮುಂದೆ, ಅದಕ್ಕೇ ಇಲ್ಲಿದ್ದೇವೆ ಅಂತ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇವೆ. ಅದರ ಪಕ್ಕದಲ್ಲಿ ಇದನ್ನೂ ಹೇಳಬೇಕು.

ಇನ್ನೊಂದು ಮಾತು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಅಮೆರಿಕದ ವರ್ಣಭೇದದ ಬಗ್ಗೆ ನಾವು ಧಾರಾಳವಾಗಿ ಮಾತಾಡುತ್ತೇವೆ. ಮಂಗಳೂರಿನಲ್ಲಿ 1892ರಲ್ಲಿ ಕುದ್ಮಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅವರನ್ನು ಬಹಿಷ್ಕರಿಸಿದವರು ಅವರ ಜಾತಿಯವರೇ. ಅದನ್ನು ನಮ್ಮ ಕನ್ನಡ ಶಾಲೆಗಳಲ್ಲಿ ಎಷ್ಟು ಜನ ಹೇಳುತ್ತೇವೆ? ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಡಮಾಮಿ ಕುಣಿತದ ವಿಡಿಯೋಗೆ ಲೈಕ್ ಒತ್ತುತ್ತೇವೆ. ಪೋರ್ಚುಗೀಸರು ಗುಲಾಮರಾಗಿ ತಂದ ಆಫ್ರಿಕಾದವರ ಮಕ್ಕಳು ನಮ್ಮ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡಿಕೊಂಡು ಇದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಗಲು 2003 ಬರಬೇಕಾಯಿತು. ಸೇಂಟ್ ಹೆಲೆನಾದಲ್ಲಿ ನಿಂತು ನಮ್ಮ ಮಕ್ಕಳು 'ನಮ್ಮೂರಲ್ಲೂ ಹೀಗೆ ಇತ್ತಾ?' ಅಂತ ಕೇಳಿದರೆ ಮಾತು ತಪ್ಪಿಸಬೇಡಿ.

ದ್ವೀಪದ ಇವತ್ತಿನ ಸ್ಥಿತಿಯನ್ನೂ ಹೇಳಬೇಕು. ಯುದ್ಧದ ಸಮಯದಲ್ಲಿ ತೆರಿಗೆ ಕಟ್ಟದ ತೋಟಗಳನ್ನು ಸರ್ಕಾರ ವಶಪಡಿಸಿಕೊಂಡು ಮಾರಿತು. ಆಗ ಬಿಡುಗಡೆಯಾದವರು ದುಡ್ಡು ಕೂಡಿಸಿ ಸಣ್ಣ ಸಣ್ಣ ಜಮೀನು ಕೊಂಡರು. ದಕ್ಷಿಣದಲ್ಲಿ ಕಪ್ಪು ಜನರ ಕೈಯಲ್ಲಿ ಇಷ್ಟು ನೆಲ ಉಳಿದ ಜಾಗಗಳು ಕಡಿಮೆ. ಅವರ ವಂಶದವರನ್ನೇ ಗಲ್ಲಾ (Gullah) ಜನ ಅನ್ನುವುದು. ಅವರದೇ ಮಾತು, ಅವರದೇ ಅಡುಗೆ. ಆದರೆ ಎಷ್ಟೋ ಕುಟುಂಬಗಳಲ್ಲಿ ವಿಲ್ ಬರೆದಿಲ್ಲ. ಅಜ್ಜನ ಹೆಸರಿನ ಜಮೀನು ಎಲ್ಲ ಮೊಮ್ಮಕ್ಕಳಿಗೂ ಸೇರಿದ್ದು, ನಮ್ಮೂರಿನ ಪಾಲಾಗದ ಜಂಟಿ ಆಸ್ತಿ ಇದ್ದ ಹಾಗೆ. ದೂರದೂರಲ್ಲಿರುವ ಒಬ್ಬ ತನ್ನ ಪಾಲನ್ನು ಬಿಲ್ಡರ್‌ಗೆ ಮಾರಿದರೆ ಸಾಕಿತ್ತು. 2017ರಲ್ಲಿ ರಾಜ್ಯದ ಹೊಸ ಕಾನೂನು ಜಾರಿಗೆ ಬರುವವರೆಗೆ ಬಿಲ್ಡರ್ ಕೋರ್ಟಿಗೆ ಹೋಗಿ ಇಡೀ ಜಮೀನನ್ನೇ ಸುಲಭವಾಗಿ ಹರಾಜಿಗೆ ತರಬಹುದಿತ್ತು. ಹಿಲ್ಟನ್ ಹೆಡ್‌ಗೆ 1956ರಲ್ಲಿ ಸೇತುವೆ ಬಂದ ಮೇಲೆ ಬೆಲೆ ಏರಿತು, ತೆರಿಗೆ ಏರಿತು, ಗಾಲ್ಫ್ ಮೈದಾನ ಬಂತು, ಗಲ್ಲಾ ಜನ ಅಂಚಿಗೆ ಸರಿದರು. ನಾವು ಬಾಡಿಗೆಗೆ ಹಿಡಿಯುವ ಬೀಚ್ ಮನೆಗಳು ಅಂಥ ನೆಲದ ಮೇಲಿವೆ.

ಅಷ್ಟೇ ಅಲ್ಲ, ಅದೇ ಹಿಲ್ಟನ್ ಹೆಡ್‌ನಲ್ಲಿ 1862ರಲ್ಲಿ ಮಿಚೆಲ್‌ವಿಲ್ ಎಂಬ ಊರಿತ್ತು. ಬಿಡುಗಡೆಯಾದವರು ತಾವೇ ಆಳಿಕೊಂಡ ಊರು. ಮಕ್ಕಳು ಕಡ್ಡಾಯವಾಗಿ ಶಾಲೆಗೆ ಹೋಗಲೇಬೇಕು ಅಂತ ಅಲ್ಲಿ ನಿಯಮ ಮಾಡಿದರು. ಈಗ ಅಲ್ಲಿ ಒಂದು ಪಾರ್ಕ್ ಇದೆ. ರೆಸಾರ್ಟ್‌ನಿಂದ ಕಾರಿನಲ್ಲಿ ಕೆಲವೇ ನಿಮಿಷ. ಇದಕ್ಕೆ ಬೇರೆ ದಿನವೂ ಬೇಡ.

ಸೇಂಟ್ ಹೆಲೆನಾದ ಜನ ಎಚ್ಚರವಾಗಿದ್ದಾರೆ. ತಮ್ಮ ದ್ವೀಪದಲ್ಲಿ ಗಾಲ್ಫ್ ಮೈದಾನ, ಗೇಟು ಹಾಕಿದ ಲೇಔಟು ಬೇಡ ಎಂದು 1999ರಲ್ಲೇ ಕೌಂಟಿ ನಿಯಮ ಮಾಡಿಸಿಕೊಂಡರು. 2023ರಲ್ಲಿ ಒಬ್ಬ ಬಿಲ್ಡರ್ ಗಾಲ್ಫ್ ಮೈದಾನದ ಯೋಜನೆ ತಂದಾಗ ಊರಿಗೆ ಊರೇ ಎದ್ದು ನಿಂತಿತು. ಕೌಂಟಿ ಮಂಡಳಿ ಆ ನಿಯಮವನ್ನು ಸಡಿಲಿಸಲಿಲ್ಲ. ಪೆನ್ ಆವರಣ 1974ರಿಂದ ರಾಷ್ಟ್ರೀಯ ಐತಿಹಾಸಿಕ ತಾಣ. ಡಾರಾ ಹಾಲ್ ಮತ್ತು ಬ್ರಿಕ್ ಚರ್ಚ್, 2017ರಲ್ಲಿ ಒಬಾಮಾ ಘೋಷಿಸಿದ ರಾಷ್ಟ್ರೀಯ ಸ್ಮಾರಕದ ಭಾಗ. ಈಗ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಹೆಸರೇನೋ ಬಂತು. ಆದರೆ ಸಮುದ್ರದ ಉಪ್ಪು ಗಾಳಿಯಲ್ಲಿ ಮರದ ಕಟ್ಟಡ ಉಳಿಸಿಕೊಳ್ಳುವುದು ಫಲಕ ನೆಟ್ಟಷ್ಟು ಸುಲಭ ಅಲ್ಲ. ದುಡ್ಡು ಬೇಕು, ಬರುವ ಜನ ಬೇಕು.

ಷಾರ್ಲೆಟ್, ರಾಲಿ, ಅಟ್ಲಾಂಟಾ, ನ್ಯಾಶ್ವಿಲ್ ಕಡೆಯವರು 'ನಮಗೆ ದೂರ' ಎನ್ನಬೇಡಿ. ನಿಮ್ಮ ಹತ್ತಿರದ ಹಳ್ಳಿಯಲ್ಲೇ ಒಂದು ರೋಸನ್‌ವಾಲ್ಡ್ ಶಾಲೆ ಇರಬಹುದು. ಸಿಯರ್ಸ್ ಕಂಪನಿಯ ಜೂಲಿಯಸ್ ರೋಸನ್‌ವಾಲ್ಡ್ ಮತ್ತು ಬುಕರ್ ವಾಷಿಂಗ್ಟನ್ ಸೇರಿ 1912ರಲ್ಲಿ ಶುರು ಮಾಡಿದ ಕೆಲಸ. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆ. ಉತ್ತರ ಕೆರೊಲೈನಾದಲ್ಲೇ ಎಲ್ಲಕ್ಕಿಂತ ಜಾಸ್ತಿ. ಇವು ಬಿಡುಗಡೆಯಾದವರ ಮೊಮ್ಮಕ್ಕಳು ಓದಿದ ಶಾಲೆಗಳು. ಕರೆಂಟ್ ಇರಲಿಲ್ಲ, ಅದಕ್ಕೆ ಬೆಳಕು ಬರಲೆಂದು ಸಾಲಾಗಿ ದೊಡ್ಡ ದೊಡ್ಡ ಕಿಟಕಿಗಳು. ಕಿಟಕಿ ನೋಡಿಯೇ ಗುರುತು ಹಿಡಿಯಬಹುದು. ರೋಸನ್‌ವಾಲ್ಡ್ ಪೂರ್ತಿ ದುಡ್ಡು ಕೊಡುತ್ತಿರಲಿಲ್ಲ, ಊರವರೂ ಹಾಕಬೇಕಿತ್ತು. ಗೇಣಿ ರೈತರು ಕೋಳಿ ಮಾರಿದರು, ಶಾಲೆಗೆಂದೇ ಒಂದು ತುಂಡು ಹೊಲದಲ್ಲಿ ಹತ್ತಿ ಬೆಳೆದರು, ಮರ ಕಡಿದು ಕೊಟ್ಟರು. ಕೊನೆಗೆ ಲೆಕ್ಕ ಹಾಕಿದರೆ ಕಪ್ಪು ಜನ ಕೊಟ್ಟದ್ದು 47 ಲಕ್ಷ ಡಾಲರ್. ರೋಸನ್‌ವಾಲ್ಡ್ ಕೊಟ್ಟದ್ದು ಅದಕ್ಕಿಂತ ಕಡಿಮೆ, 43 ಲಕ್ಷ. ಸರ್ಕಾರಕ್ಕೆ ಕಟ್ಟಿದ ತೆರಿಗೆ ಬೇರೆ. ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸ್ ಅಲಬಾಮಾದ ಇಂಥ ಶಾಲೆಯಲ್ಲೇ ಓದಿದ್ದು. ಈಗ ಹತ್ತರಲ್ಲಿ ಒಂದು ಉಳಿದಿದ್ದರೆ ಹೆಚ್ಚು. ಎಷ್ಟೋ ಕಡೆ ಹುಲ್ಲು ತುಂಬಿಡುವ ಕೊಟ್ಟಿಗೆಗಳಾಗಿವೆ.

ಹಾಗಾದರೆ ಕೂಟಗಳು ಏನು ಮಾಡಬಹುದು? ಪ್ರವಾಸದಲ್ಲಿ ಅರ್ಧ ದಿನ ಸೇರಿಸುವುದನ್ನು ಆಗಲೇ ಹೇಳಿದೆ. ಹೋಗುವ ಮುಂಚೆ ಪೆನ್ ಕಚೇರಿಗೆ ಫೋನ್ ಮಾಡಿ, ಊರಿನ ಗೈಡ್‌ನ್ನೇ ಕೇಳಿ, ಟಿಕೆಟ್ ದುಡ್ಡಿಗೆ ಚೌಕಾಸಿ ಮಾಡಬೇಡಿ. ನವೆಂಬರ್‌ನಲ್ಲಿ ಅಲ್ಲಿ ಹೆರಿಟೇಜ್ ಡೇಸ್ ಎಂಬ ಜಾತ್ರೆ ನಡೆಯುತ್ತದೆ. ನಮ್ಮ ರಾಜ್ಯೋತ್ಸವದ ತಿಂಗಳೇ. ರಾಜ್ಯೋತ್ಸವಕ್ಕೆ ಊರಿಂದ ಸೆಲೆಬ್ರಿಟಿ ಕರೆಸುವ ಖರ್ಚಿನಲ್ಲಿ ಒಂದು ಸಣ್ಣ ಪಾಲು ಹತ್ತಿರದ ಹಳೆಯ ಶಾಲೆಯೊಂದರ ಕಿಟಕಿಗೋ ಚಾವಣಿಗೋ ಹೋಗಲಿ. ಸೆಲೆಬ್ರಿಟಿಗೆ ಬಿಸಿನೆಸ್ ಕ್ಲಾಸ್ ಬದಲು ಎಕಾನಮಿ ಕೊಟ್ಟರೂ ಆ ದುಡ್ಡು ಉಳಿಯುತ್ತದೆ (ಇದನ್ನು ಬರೆದದ್ದಕ್ಕೆ ನನಗೆ ಮುಂದಿನ ಸಲ ಮೊದಲ ಸಾಲಿನ ಸೀಟು ಸಿಗುವುದಿಲ್ಲ, ಗೊತ್ತು). ಕೂಟದ ಮದುವೆ, ನಾಮಕರಣ, ಪಿಕ್ನಿಕ್‌ಗಳಿಗೆ ಪ್ಲಾಂಟೇಶನ್ ಬಂಗಲೆಯ ಹುಲ್ಲುಹಾಸು ಬುಕ್ ಮಾಡುವುದನ್ನಂತೂ ದಯವಿಟ್ಟು ನಿಲ್ಲಿಸಿ. ಹಿಂದೆ ಗುಲಾಮರ ಗುಡಿಸಲಿದ್ದ ಅಂಗಳದಲ್ಲಿ ಅಂತ್ಯಾಕ್ಷರಿ ಆಡುವುದು ನಮಗೆ ಶೋಭೆ ಅಲ್ಲ.

ಕನ್ನಡ ಶಾಲೆಯ ಟೀಚರ್‌ಗಳಿಗೆ ಒಂದು ಮನವಿ. ದೊಡ್ಡ ಮಕ್ಕಳ ತರಗತಿಗೆ ಈ ಪೆನ್ ಶಾಲೆಯ ಕಥೆಯನ್ನು ಕನ್ನಡದಲ್ಲೇ ಹೇಳಿ, ಅವರಿಂದಲೇ ಕನ್ನಡದಲ್ಲಿ ಬರೆಸಿ. 'ನನ್ನ ಅಜ್ಜಿಯ ಮನೆ' ಬರೆದು ಬರೆದು ಅವರಿಗೂ ಬೇಜಾರಾಗಿದೆ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ಪತ್ರವನ್ನು ಇಡಿ. ಪ್ರವಾಸಕ್ಕೆ ಎರಡನೇ ವ್ಯಾನ್ ಓಡಿಸಲು ಯಾರೂ ಸಿಗದಿದ್ದರೆ ನಾನಿದ್ದೇನೆ. ಚಿತ್ರಾನ್ನ, ಮೊಸರನ್ನದ ಜವಾಬ್ದಾರಿ ಮಾತ್ರ ನಿಮ್ಮದು.

ಇಂತಿ ನಿಮ್ಮವ,
ಕೂಟದ ಒಬ್ಬ ಹಳೆಯ ಸದಸ್ಯ